ಛಾಯಾಚಿತ್ರಗಾರನ ಪಾಲೂ ದಲ್ಲಾಳಿಯ ತಕ್ಕಡಿಯೂ

ಬ್ಯಾಂಕಿನ ಜಾಹೀರಾತಿನಲ್ಲಿ ನಗುಮುಖದಿಂದ ನಿಂತ ರೈತದಂಪತಿಗಳು, ಪ್ರವಾಸದ ಕೈಪಿಡಿಯಲ್ಲಿ ಅಚ್ಚಾದ ಹಂಪೆಯ ಕಲ್ಲಿನ ರಥ, ಆಸ್ಪತ್ರೆಯ ಗೋಡೆಯ ಮೇಲಣ ಭಿತ್ತಿಪತ್ರದಲ್ಲಿ ಮಗುವಿಗೆ ಲಸಿಕೆ ಹಾಕುತ್ತಿರುವ ದಾದಿ, ಇಂತಹ ಚಿತ್ರಗಳನ್ನು ನಮ್ಮ ವಾಚಕರು ದಿನವಹಿ ನೋಡುತ್ತಿರುವರು. ಇವುಗಳಲ್ಲಿ ಅನೇಕವು ಆಯಾ ಕಾರ್ಯಕ್ಕಾಗಿಯೇ ತೆಗೆಸಿದವುಗಳಲ್ಲ. ಯಾರೋ ಒಬ್ಬ ಛಾಯಾಚಿತ್ರಗಾರನು ಎಂದೋ ತೆಗೆದು, ಅಂತರ್ಜಾಲದ ಯಾವುದಾದರೊಂದು ಚಿತ್ರಭಂಡಾರಕ್ಕೆ ಸಲ್ಲಿಸಿದ್ದನ್ನು ಗಿರಾಕಿಗಳು ಅಲ್ಲಿಂದ ಕೊಂಡು ತಂದಿರುತ್ತಾರೆ. ಸ್ಟಾಕ್ ಫೋಟೋಗ್ರಫಿ ಎಂದು ಹೆಸರಾಗಿರುವ ವ್ಯಾಪಾರವು ಇದೇ. ಕೊಂಡವನು ಎಷ್ಟು ಕೊಟ್ಟನೆಂಬುದನ್ನು ಕೊಂಡವನು ಬಲ್ಲನು. ಎಷ್ಟು ಬಂದಿತೆಂಬುದನ್ನು ಕಂಪೆನಿಯವರು ಬಲ್ಲರು. ಚಿತ್ರವನ್ನು ತೆಗೆದವನಿಗೆ ಎಷ್ಟು ಸಂದಿತು, ಆ ಮೊತ್ತವನ್ನು ಯಾರು ಗೊತ್ತುಮಾಡಿದರು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಆ ಪ್ರಶ್ನೆಯನ್ನು ಇಂದು ಪರಾಮರ್ಶಿಸಬೇಕೆಂಬುದು ನಮ್ಮ ಉದ್ದೇಶ.

ಈ ವ್ಯಾಪಾರವು ಹೊಸದಲ್ಲ. ಜರ್ಮನಿಯಿಂದ ವಲಸೆಹೋದ ಆಟೋ ಬೆಟ್‌ಮನ್ ಎಂಬಾತನು ನ್ಯೂಯಾರ್ಕಿನಲ್ಲಿ ೧೯೩೬ರಲ್ಲಿಯೇ ಒಂದು ಚಿತ್ರಸಂಗ್ರಹವನ್ನು ಸ್ಥಾಪಿಸಿ ಪತ್ರಿಕೆಗಳಿಗೂ ಪ್ರಕಾಶಕರಿಗೂ ಚಿತ್ರಗಳನ್ನು ಬಾಡಿಗೆಗೆ ಕೊಡತೊಡಗಿದ್ದನು. ಕ್ರಮೇಣ ಇಂತಹ ಮಧ್ಯಸ್ಥ ಸಂಸ್ಥೆಗಳು ಐರೋಪ್ಯ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಬೆಳೆದುವು. ಆಗಿನ ಪದ್ಧತಿ ಸರಳವಾಗಿದ್ದಿತು. ಚಿತ್ರವು ಯಾವ ಪತ್ರಿಕೆಯಲ್ಲಿ, ಯಾವ ದೇಶದಲ್ಲಿ, ಎಷ್ಟು ದೊಡ್ಡದಾಗಿ, ಎಷ್ಟು ಕಾಲ ಉಪಯೋಗಿಸಲ್ಪಡುವುದೋ ಅದಕ್ಕೆ ತಕ್ಕಂತೆ ಬೆಲೆ ನಿಶ್ಚಯವಾಗುತ್ತಿದ್ದಿತು. ಬಂದ ಹಣದಲ್ಲಿ ಅರ್ಧವು ಸಂಸ್ಥೆಗೆ, ಅರ್ಧವು ಛಾಯಾಚಿತ್ರಗಾರನಿಗೆ ಎಂಬುದು ಬಹುಕಾಲ ರೂಢಿಯ ಲೆಕ್ಕವಾಗಿದ್ದಿತು. ಆದರೆ ಆ ಬಾಗಿಲೊಳಗೆ ಪ್ರವೇಶ ದೊರೆಯುತ್ತಿದ್ದುದು ವೃತ್ತಿಯಲ್ಲಿ ಪಳಗಿದ ಕೆಲವರಿಗೆ ಮಾತ್ರ.

ಆ ಕಾಲದಲ್ಲಿಯೂ ಛಾಯಾಚಿತ್ರಗಾರರು ತಮ್ಮ ಹಕ್ಕಿಗಾಗಿ ಒಂದಾಗಬೇಕಾಯಿತೆಂಬುದು ಸ್ಮರಣೀಯ. ೧೯೪೭ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ ಬ್ರೆಸೋನ್, ಡೇವಿಡ್ ಸೀಮೋರ್, ಜಾರ್ಜ್ ರೋಜರ್ ಮೊದಲಾದವರು ಸೇರಿ ಮ್ಯಾಗ್ನಮ್ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ತೆಗೆದ ಚಿತ್ರದ ಸ್ವಾಮ್ಯವು ತೆಗೆದವನಲ್ಲಿಯೇ ಉಳಿಯಬೇಕು, ಪತ್ರಿಕೆಯ ಧಣಿಯ ಪಾಲಾಗಬಾರದು ಎಂಬುದೇ ಅದರ ಮೂಲಸೂತ್ರ. ೧೯೪೮ರ ಜನವರಿ ೩೦ರಂದು ಮಹಾತ್ಮರು ಹತರಾಗುವುದಕ್ಕೆ ತುಸು ಮುಂಚೆ ಅವರನ್ನು ಕಂಡು, ಅನಂತರ ಶೋಕಮಗ್ನವಾದ ದಿಲ್ಲಿಯನ್ನು ಜಗತ್ತಿಗೆ ತೋರಿಸಿದ ಕಾರ್ತಿಯೇ ಬ್ರೆಸೋನ್ ಈ ಸಂಸ್ಥೆಯ ಸ್ಥಾಪಕರಲ್ಲೊಬ್ಬರೆಂಬುದನ್ನು ಭಾರತೀಯರು ಮರೆಯಲಾರರು.

ಹಳೆಯ ಪದ್ಧತಿಯನ್ನು ಬುಡಮೇಲು ಮಾಡಿದ್ದು ಅಂತರ್ಜಾಲ. ೨೦೦೦ದಲ್ಲಿ ಕೆನಡಾ ದೇಶದ ಕ್ಯಾಲ್ಗರಿ ನಗರದಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಎಂಬವರು ಐಸ್ಟಾಕ್‌ಫೋಟೋ ಎಂಬ ತಾಣವನ್ನು ತೆರೆದರು. ಮೊದಲು ಅದು ಚಿತ್ರಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವವರ ಕೂಟವಾಗಿದ್ದು, ಬಳಿಕ ಅಲ್ಪ ಬೆಲೆಗೆ ಮಾರುವ ಅಂಗಡಿಯಾಯಿತು. ೨೦೦೩ರಲ್ಲಿ ಜಾನ್ ಓರಿಂಜರ್ ಎಂಬವರು ತಾವೇ ತೆಗೆದ ಸುಮಾರು ೩೦,೦೦೦ ಚಿತ್ರಗಳೊಡನೆ ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಕಂಪೆನಿಯನ್ನು ಆರಂಭಿಸಿ, ಪತ್ರಿಕೆಗೆ ಚಂದಾ ಕಟ್ಟುವಂತೆ ಚಿತ್ರಗಳಿಗೂ ತಿಂಗಳ ಚಂದಾ ಕಟ್ಟುವ ಕ್ರಮವನ್ನು ಬಳಕೆಗೆ ತಂದರು. ಒಮ್ಮೆ ಪರವಾನಗಿ ಪಡೆದ ಚಿತ್ರವನ್ನು ಗಿರಾಕಿಯು ಕರಾರಿನ ಮಿತಿಯೊಳಗೆ ಮತ್ತೆ ಮತ್ತೆ ಉಪಯೋಗಿಸಬಹುದು. ಪ್ರತಿ ಸಲವೂ ಬೇರೆ ಹಣ ತೆರಬೇಕಾದುದಿಲ್ಲ. ನೂರಾರು ಡಾಲರುಗಳಿಗೆ ದೊರೆಯುತ್ತಿದ್ದುದು ಒಂದೆರಡು ಡಾಲರುಗಳಿಗೆ, ಚಂದಾದಾರನಿಗೆ ಅದಕ್ಕಿಂತಲೂ ಅಗ್ಗವಾಗಿ ದೊರೆಯತೊಡಗಿತು.

ಇದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಶಿರಸಿಯಲ್ಲಿಯೋ ಬಾದಾಮಿಯಲ್ಲಿಯೋ ಕುಳಿತ ಒಬ್ಬ ಹವ್ಯಾಸಿಯು ಯಾರ ಶಿಫಾರಸನ್ನೂ ಬೇಡದೆ ತನ್ನ ಚಿತ್ರವನ್ನು ಜಗತ್ತಿನ ಸಂತೆಗೆ ಕಳುಹಿಸುವಂತಾಯಿತು. ಸಣ್ಣ ಅಚ್ಚುಕೂಟಗಳಿಗೂ ಶಾಲೆಗಳಿಗೂ ಸಂಘಸಂಸ್ಥೆಗಳಿಗೂ ಒಳ್ಳೆಯ ಚಿತ್ರಗಳು ಕೈಗೆಟಕುವ ಬೆಲೆಗೆ ಸಿಕ್ಕುವು. ಬಾಗಿಲು ಅಗಲವಾಯಿತೆಂಬುದು ನಿಜ. ಆದರೆ ಒಳಗೆ ಬಂದವರ ಸರಕನ್ನು ತೂಗುವ ತಕ್ಕಡಿಯು ಯಾರ ಕೈಯಲ್ಲಿ ಉಳಿಯಿತೆಂಬುದನ್ನು ಮುಂದಿನ ಸಂಗತಿಗಳು ತೋರಿಸುವುವು.

ಛಾಯಾಚಿತ್ರಗಾರನ ಸಂಪಾದನೆಯು ಎರಡು ಅಂಶಗಳಿಂದ ನಿರ್ಧಾರವಾಗುತ್ತದೆ: ಗಿರಾಕಿಗೆ ಹೇಳುವ ಬೆಲೆ ಒಂದು, ಆ ಬೆಲೆಯಲ್ಲಿ ಅವನಿಗೆ ಸಲ್ಲುವ ಪಾಲು ಇನ್ನೊಂದು. ಚಿತ್ರವು ಅವನದು, ಕೃತಿಸ್ವಾಮ್ಯವೂ ಕಾಯಿದೆಯಂತೆ ಅವನದೇ. ಕಂಪೆನಿಗೆ ಅವನು ಕೊಡುವುದು ಮಾರುವ ಅಧಿಕಾರವನ್ನು ಮಾತ್ರ. ಆದಾಗ್ಯೂ ಈ ಎರಡು ಅಂಶಗಳಲ್ಲಿ ಒಂದನ್ನಾದರೂ ನಿರ್ಧರಿಸುವ ಅಧಿಕಾರ ಅವನಿಗಿಲ್ಲ. ಎರಡನ್ನೂ ಕಂಪೆನಿಯವರೇ ಗೊತ್ತುಮಾಡುತ್ತಾರೆ, ಕಂಪೆನಿಯವರೇ ಬದಲಾಯಿಸುತ್ತಾರೆ, ಲೆಕ್ಕವನ್ನೂ ಕಂಪೆನಿಯವರೇ ಬರೆಯುತ್ತಾರೆ. ಛಾಯಾಚಿತ್ರಗಾರನು ಒಪ್ಪಬಹುದು, ಇಲ್ಲವೆ ತನ್ನ ಚಿತ್ರಗಳನ್ನು ಹಿಂತೆಗೆದುಕೊಂಡು ಹೋಗಬಹುದು. ಮೂರನೆಯ ಹಾದಿಯಿಲ್ಲ.

ಈ ಅಧಿಕಾರವನ್ನು ಹೇಗೆ ಚಲಾಯಿಸಲಾಯಿತೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆವು. ೨೦೦೬ರಲ್ಲಿ ಗೆಟ್ಟಿ ಇಮೇಜಸ್ ಎಂಬ ದೊಡ್ಡ ಕಂಪೆನಿಯು ಐಸ್ಟಾಕ್‌ಫೋಟೋವನ್ನು ೫ ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಅಲ್ಲಿ ತಮ್ಮ ಚಿತ್ರಗಳನ್ನು ಬೇರೆ ಕಡೆಗಳಲ್ಲಿಯೂ ಮಾರುತ್ತಿದ್ದ ಸಾಮಾನ್ಯ ಛಾಯಾಚಿತ್ರಗಾರರಿಗೆ ನೂರಕ್ಕೆ ೨೦ರಂತೆ ಪಾಲು ಸಲ್ಲುತ್ತಿದ್ದಿತು. ಎಂಬತ್ತು ಪಾಲು ದಲ್ಲಾಳಿಗೆ, ಇಪ್ಪತ್ತು ಪಾಲು ಮಾಲೀಕನಿಗೆ ಎಂಬುದೇ ಸೋಜಿಗದ ಲೆಕ್ಕ. ಅದೂ ಸಾಲದೆಂಬಂತೆ ೨೦೧೦ರ ಸೆಪ್ಟೆಂಬರಿನಲ್ಲಿ ಹೊಸ ಕ್ರಮವನ್ನು ಪ್ರಕಟಿಸಿ, ಮಾರಾಟದ ಗುರಿಯನ್ನು ಮುಟ್ಟದವರ ಪಾಲನ್ನು ನೂರಕ್ಕೆ ೧೫ರವರೆಗೆ ಇಳಿಸಲಾಯಿತು.

ಎರಡನೆಯ ನಿದರ್ಶನವು ಶಟರ್‌ಸ್ಟಾಕಿನದು. ಅಲ್ಲಿ ಬಹುಕಾಲ ನಡೆದುಬಂದ ಕ್ರಮದಂತೆ, ಚಂದಾದಾರನೊಬ್ಬನು ಒಂದು ಚಿತ್ರವನ್ನು ಇಳಿಸಿಕೊಂಡರೆ ಛಾಯಾಚಿತ್ರಗಾರನಿಗೆ ೨೫ ಸೆಂಟುಗಳು ಸಲ್ಲುತ್ತಿದ್ದುವು. ಅವನ ಒಟ್ಟು ಗಳಿಕೆ ೫೦೦ ಡಾಲರುಗಳನ್ನು ದಾಟಿದರೆ ೩೩ ಸೆಂಟು, ೩,೦೦೦ ದಾಟಿದರೆ ೩೬, ೧೦,೦೦೦ ದಾಟಿದರೆ ೩೮ ಸೆಂಟು. ಮೊತ್ತವು ಅಲ್ಪವೇ ಆದರೂ, ಒಮ್ಮೆ ಏರಿದ ಮೆಟ್ಟಲಿನಿಂದ ಕೆಳಗೆ ಬೀಳುವ ಭಯವಿರಲಿಲ್ಲ. ಹತ್ತು ವರ್ಷ ದುಡಿದವನ ಹಿರಿತನಕ್ಕೆ ಬೆಲೆಯಿದ್ದಿತು.

೨೦೨೦ರ ಮೇ ತಿಂಗಳ ಕೊನೆಯ ವಾರದಲ್ಲಿ, ಕೋವಿಡ್ ಪಿಡುಗಿನಿಂದ ಲೋಕದ ವ್ಯವಹಾರವೆಲ್ಲ ಸ್ತಬ್ಧವಾಗಿದ್ದ ಸಮಯದಲ್ಲಿ, ಈ ಕ್ರಮವನ್ನು ರದ್ದುಮಾಡಿರುವುದಾಗಿ ಕಂಪೆನಿಯವರು ತಿಳಿಸಿದರು. ಜೂನ್ ೧ರಿಂದಲೇ ಹೊಸ ಕ್ರಮವು ಜಾರಿಗೆ ಬಂದಿತು. ಅದರಂತೆ ಮೆಟ್ಟಲುಗಳು ಆರು. ವರ್ಷದಲ್ಲಿ ಮಾರಾಟವಾಗುವ ಮೊದಲ ೧೦೦ ಚಿತ್ರಗಳಿಗೆ ನೂರಕ್ಕೆ ೧೫ ಪಾಲು, ೨೫೦ರವರೆಗೆ ೨೦, ೫೦೦ರವರೆಗೆ ೨೫, ೨,೫೦೦ರವರೆಗೆ ೩೦, ೨೫,೦೦೦ದವರೆಗೆ ೩೫, ಅದಕ್ಕೂ ಮೇಲ್ಪಟ್ಟರೆ ೪೦. ಒಂದು ಮಾರಾಟಕ್ಕೆ ಕನಿಷ್ಠ ಪ್ರತಿಫಲವು ೧೦ ಸೆಂಟು, ಎಂದರೆ ಇಂದಿನ ವಿನಿಮಯದಲ್ಲಿ ಹತ್ತು ರೂಪಾಯಿಗಳನ್ನೂ ಮುಟ್ಟದ ಮೊತ್ತ. ಇವೆಲ್ಲಕ್ಕಿಂತಲೂ ಘೋರವಾದ ಕಟ್ಟಳೆ ಮತ್ತೊಂದು: ಪ್ರತಿ ವರ್ಷ ಜನವರಿ ೧ರಂದು ಎಲ್ಲರೂ ಮೊದಲ ಮೆಟ್ಟಲಿಗೆ ಇಳಿಯತಕ್ಕದ್ದು.

ಈ ಕಟ್ಟಳೆಯ ಅರ್ಥವನ್ನು ನಮ್ಮ ನಾಡಿನವರಿಗೆ ವಿವರಿಸುವುದು ಕಷ್ಟವಲ್ಲ. ಪಾಲಿಗೆ ಹೊಲ ಮಾಡುವ ರೈತನಿಗೆ ಒಡೆಯನು, ‘ನೀನು ಹೆಚ್ಚು ಚೀಲ ಬೆಳೆದಂತೆ ನಿನ್ನ ಪಾಲನ್ನು ಹೆಚ್ಚಿಸುವೆನು, ಆದರೆ ಯುಗಾದಿಯ ದಿನ ನಿನ್ನ ಹಿಂದಿನ ದುಡಿಮೆಯೆಲ್ಲವೂ ಸೊನ್ನೆ’ ಎಂದು ಹೇಳಿದರೆ ಹೇಗೋ ಹಾಗೆ. ಅಲ್ಲಿಯಾದರೂ ಪ್ರತಿ ವರ್ಷವೂ ಹೊಸ ಬೆಳೆ. ಇಲ್ಲಿ ಮಾರಾಟವಾಗುವುದು ಹಿಂದೆಂದೋ ತೆಗೆದು ಸಲ್ಲಿಸಿದ ಚಿತ್ರವೇ. ಡಿಸೆಂಬರ್ ೩೧ರಂದು ನೂರಕ್ಕೆ ೩೫ ಪಾಲು ತಂದ ಅದೇ ಚಿತ್ರವು ಮರುದಿನ ಬೆಳಗಾಗುವುದರೊಳಗೆ ೧೫ ಪಾಲನ್ನು ಮಾತ್ರ ತರುವುದಾದರೆ, ಆ ಒಂದು ರಾತ್ರಿಯಲ್ಲಿ ಚಿತ್ರದ ಗುಣದಲ್ಲಿ ಆದ ಕುಂದೇನು? ಗಿರಾಕಿಯು ಕೊಡುವ ಹಣದಲ್ಲಿ ಆದ ವ್ಯತ್ಯಾಸವೇನು?

ಲೆಕ್ಕವನ್ನು ಇನ್ನೂ ಸ್ವಲ್ಪ ನೋಡುವ. ಎಲ್ಲ ಚಿತ್ರಗಳೂ ಒಂದೇ ಬೆಲೆಗೆ ಹೋದುವೆಂದು ಇಟ್ಟುಕೊಂಡರೆ, ವರ್ಷಕ್ಕೆ ೩,೦೦೦ ಚಿತ್ರಗಳನ್ನು ಮಾರುವ ಒಬ್ಬನು ಕೊನೆಗೆ ೩೫ರ ಮೆಟ್ಟಲನ್ನು ಏರಿದರೂ, ಕೆಳಗಿನ ಮೆಟ್ಟಲುಗಳೆಲ್ಲವನ್ನೂ ದಾಟಿಯೇ ಬರಬೇಕಾದುದರಿಂದ ಅವನಿಗೆ ವರ್ಷದ ಸರಾಸರಿಯಲ್ಲಿ ದೊರೆಯುವುದು ನೂರಕ್ಕೆ ೨೯ ಚಿಲ್ಲರೆ. ವರ್ಷಕ್ಕೆ ೨೦೦ ಚಿತ್ರಗಳನ್ನು ಮಾರುವ ಸಣ್ಣವನಿಗೆ ಸಿಕ್ಕುವುದು ಹದಿನೇಳೂವರೆ. ಚಂದಾ ಕ್ರಮದಲ್ಲಿ ಬೆಲೆಯೂ ಹೇಗೆ ಕರಗುವುದೆಂಬುದಕ್ಕೆ ಒಂದು ಉದಾಹರಣೆ: ತಿಂಗಳಿಗೆ ೨೦೦ ಡಾಲರು ಚಂದಾ ಕಟ್ಟಿ ೭೫೦ ಚಿತ್ರಗಳನ್ನು ಪಡೆಯುವ ಅವಕಾಶವಿದ್ದರೆ, ಒಂದು ಚಿತ್ರದ ಬೆಲೆ ೨೭ ಸೆಂಟುಗಳಿಗಿಂತಲೂ ಕಡಿಮೆಯಾಯಿತು. ಅದರಲ್ಲಿ ನೂರಕ್ಕೆ ೧೫ ಎಂದರೆ ೪ ಸೆಂಟು. ಕನಿಷ್ಠ ೧೦ ಸೆಂಟು ಎಂಬ ನಿಯಮವನ್ನು ಕಂಪೆನಿಯವರು ಏಕೆ ಹಾಕಿಕೊಳ್ಳಬೇಕಾಯಿತೆಂಬುದು ಇದರಿಂದಲೇ ಸ್ಪಷ್ಟ. ಹಿಂದೆ ೩೮ ಸೆಂಟು ಪಡೆಯುತ್ತಿದ್ದ ಹಿರಿಯನು ಅದೇ ಬಗೆಯ ಮಾರಾಟಕ್ಕೆ ೧೦ ಸೆಂಟು ಪಡೆದು ಸುಮ್ಮನಾಗಬೇಕಾಯಿತು. ಹಲವರು ಸುಮ್ಮನಾಗಲಿಲ್ಲ. ಆ ಬೇಸಗೆಯಲ್ಲಿ ನಾನಾ ದೇಶಗಳ ಛಾಯಾಚಿತ್ರಗಾರರು ತಮ್ಮ ಚಿತ್ರಗಳನ್ನು ಮಾರಾಟದಿಂದ ಹಿಂತೆಗೆದುಕೊಂಡು ಪ್ರತಿಭಟಿಸಿದರು. ಆದರೂ ಕ್ರಮವು ಬದಲಾಗಲಿಲ್ಲ.

ಇದು ವ್ಯಾಪಾರದ ಅನಿವಾರ್ಯ ನಿಯಮವೆಂದು ಹೇಳುವವರು ನೆರೆಯ ಅಂಗಡಿಗಳನ್ನು ನೋಡಬೇಕು. ಅಡೋಬಿ ಕಂಪೆನಿಯು ಫೋಟೋಲಿಯಾ ಎಂಬ ಭಂಡಾರವನ್ನು ೮೦ ಕೋಟಿ ಡಾಲರುಗಳಿಗೆ ಕೊಂಡು, ೨೦೧೫ರಲ್ಲಿ ಅಡೋಬಿ ಸ್ಟಾಕನ್ನು ತೆರೆಯಿತು. ಅಲ್ಲಿ ಛಾಯಾಚಿತ್ರಗಳಿಗೆ ನೂರಕ್ಕೆ ೩೩, ಚಲಚ್ಚಿತ್ರದ ತುಣುಕುಗಳಿಗೆ ೩೫ ಪಾಲು ಸಲ್ಲುತ್ತದೆ; ಹೊಸಬನಿಗೂ ಹಳಬನಿಗೂ ಅದೇ ಪಾಲು. ಇಂಗ್ಲೆಂಡಿನ ಅಲಾಮಿ ಸಂಸ್ಥೆಯು ಹಿಂದೆ ಅರ್ಧ ಪಾಲು ಕೊಡುತ್ತಿದ್ದು, ೨೦೧೯ರಲ್ಲಿ ಇತರ ಕಡೆಯೂ ಮಾರುವವರಿಗೆ ೪೦ಕ್ಕೆ ಇಳಿಸಿತು. ೨೦೨೧ರಲ್ಲಿ, ವರ್ಷಕ್ಕೆ ೨೫೦ ಡಾಲರುಗಳಷ್ಟು ಮಾರಾಟವೂ ಆಗದವರ ಪಾಲನ್ನು ೨೦ಕ್ಕೆ ತಂದಿತು. ಒಂದೇ ಬಗೆಯ ಸರಕು, ಒಂದೇ ಬಗೆಯ ಗಿರಾಕಿಗಳು. ಪಾಲು ಮಾತ್ರ ೧೫ರಿಂದ ೫೦ರವರೆಗೆ. ಇಷ್ಟು ವ್ಯತ್ಯಾಸಕ್ಕೆ ಎಡೆಯಿರುವಲ್ಲಿ, ಪಾಲನ್ನು ಗೊತ್ತುಮಾಡುವುದು ಪ್ರಕೃತಿನಿಯಮವಲ್ಲ, ಗೊತ್ತುಮಾಡುವವನ ಇಚ್ಛೆ ಎಂಬುದು ಸಿದ್ಧವಾಗುತ್ತದೆ.

ಈ ಪಾಲು ಕೈಸೇರುವುದಕ್ಕೆ ಮುನ್ನ ದಾಟಬೇಕಾದ ಹೊಸ್ತಿಲುಗಳೂ ಇವೆ. ಗಳಿಕೆಯು ಅಡೋಬಿಯಲ್ಲಿ ೨೫ ಡಾಲರು, ಐಸ್ಟಾಕಿನಲ್ಲಿ ೧೦೦ ಡಾಲರು ಆಗುವವರೆಗೆ ಹಣವನ್ನು ಕೊಡಲಾಗುವುದಿಲ್ಲ. ೧೦ ಸೆಂಟು, ೨೦ ಸೆಂಟುಗಳ ಹನಿಗಳಿಂದ ೧೦೦ ಡಾಲರಿನ ಕೊಡ ತುಂಬಬೇಕಾದರೆ ಎಷ್ಟು ತಿಂಗಳುಗಳಾಗಬೇಕೆಂಬುದನ್ನು ವಾಚಕರೇ ಎಣಿಸಬಹುದು. ಭಾರತೀಯನಾದವನು ತೆರಿಗೆಯ ನಮೂನೆಯನ್ನು ತುಂಬಿ ಕಳುಹಿಸಿದರೆ, ಅಮೆರಿಕದ ಗಿರಾಕಿಗಳಿಂದ ಬಂದ ಗೌರವಧನದ ಮೇಲೆ ಎರಡು ದೇಶಗಳ ಒಪ್ಪಂದದಂತೆ ನೂರಕ್ಕೆ ೧೫ರಂತೆ ಅಲ್ಲಿಯೇ ಮುರಿದುಕೊಳ್ಳುತ್ತಾರೆ, ತುಂಬದಿದ್ದರೆ ೩೦ರಂತೆ. ಬಳಿಕ ಹಣ ಸಾಗಿಸುವ ಮಧ್ಯವರ್ತಿಯ ಶುಲ್ಕ ಮತ್ತು ವಿನಿಮಯದ ನಷ್ಟ. ಕ್ಯಾಮೆರಾ, ಮಸೂರ, ಪ್ರಯಾಣ, ಚಿತ್ರದಲ್ಲಿರುವವರಿಂದ ಒಪ್ಪಿಗೆಪತ್ರ ಬರೆಸುವುದು, ಪ್ರತಿ ಚಿತ್ರಕ್ಕೂ ಹತ್ತಾರು ಸೂಚಕಪದಗಳನ್ನು ಜೋಡಿಸುವುದು, ಇವೆಲ್ಲ ಛಾಯಾಚಿತ್ರಗಾರನ ಸ್ವಂತ ಖರ್ಚು ಮತ್ತು ಸ್ವಂತ ಶ್ರಮ. ತಿರಸ್ಕೃತವಾದ ಚಿತ್ರಕ್ಕೆ ಕೂಲಿಯಿಲ್ಲ.

ಬಿಡಿ ಮಾರಾಟದ ಸಂಗತಿ ಹೀಗಾದರೆ, ಸಗಟು ಮಾರಾಟದ ಸಂಗತಿ ಇನ್ನೂ ವಿಚಾರಾರ್ಹವಾದುದು. ೨೦೧೨ರ ಕೊನೆಯಲ್ಲಿ ಗೆಟ್ಟಿ ಕಂಪೆನಿಯು ಸಾವಿರಾರು ಚಿತ್ರಗಳನ್ನು ಗೂಗಲ್ ಡ್ರೈವ್‌ನ ಬಳಕೆದಾರರಿಗೆ ಒದಗಿಸುವ ಒಪ್ಪಂದವನ್ನು ಮಾಡಿಕೊಂಡಿತು. ತಮ್ಮ ಚಿತ್ರಗಳು ಅದರಲ್ಲಿ ಸೇರಿವೆಯೆಂಬುದನ್ನು ಲೆಕ್ಕಪತ್ರದಲ್ಲಿ ನೋಡಿ ತಿಳಿದ ಛಾಯಾಚಿತ್ರಗಾರರಿಗೆ ಒಂದು ಚಿತ್ರಕ್ಕೆ ಒಂದೇ ಸಲಕ್ಕೆ ಸಂದದ್ದು ಸುಮಾರು ೧೨ ಡಾಲರು. ೨೦೧೩ರ ಫೆಬ್ರವರಿ ೨ರಂದು ಅನೇಕರು ಒಟ್ಟಾಗಿ ಐಸ್ಟಾಕಿನಿಂದ ತಮ್ಮ ಸಾವಿರಾರು ಚಿತ್ರಗಳನ್ನು ತೆಗೆದುಹಾಕಿದುದು ಈ ಅಸಮಾಧಾನದ ಫಲವೇ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಈ ಸಗಟು ವ್ಯಾಪಾರಕ್ಕೆ ಹೊಸ ಗಿರಾಕಿಗಳಾಗಿವೆ. ಲಕ್ಷಾಂತರ ಚಿತ್ರಗಳನ್ನು ನೋಡಿ ಕಲಿತು, ಕೇಳಿದ ಚಿತ್ರವನ್ನು ಕ್ಷಣಾರ್ಧದಲ್ಲಿ ರಚಿಸಿಕೊಡುವ ಯಂತ್ರಗಳಿವು. ಶಟರ್‌ಸ್ಟಾಕ್ ಕಂಪೆನಿಯು ಓಪನ್‌ಎಐ ಸಂಸ್ಥೆಯೊಡನೆ ತನ್ನ ಸಹಯೋಗವನ್ನು ೨೦೨೨ರ ಅಕ್ಟೋಬರಿನಲ್ಲಿ ಪ್ರಕಟಿಸಿ, ಛಾಯಾಚಿತ್ರಗಾರರಿಗೆ ಪಾಲು ಹಂಚಲು ಒಂದು ನಿಧಿಯನ್ನು ಏರ್ಪಡಿಸಿತು. ೨೦೨೩ರಲ್ಲಿ ಇಂತಹ ಪರವಾನಗಿಗಳಿಂದ ಅದಕ್ಕೆ ಬಂದ ವರಮಾನವು ಸುಮಾರು ೧೦ ಕೋಟಿ ೪೦ ಲಕ್ಷ ಡಾಲರುಗಳೆಂದು ವರದಿಯಾಗಿದೆ. ಅಡೋಬಿಯು ೨೦೨೩ರ ಮಾರ್ಚಿನಲ್ಲಿ ಫೈರ್‌ಫ್ಲೈ ಎಂಬ ತನ್ನ ಯಂತ್ರವನ್ನು ಹೊರತಂದು, ಅದಕ್ಕೆ ಕಲಿಸಲು ಉಪಯೋಗಿಸಿದ ಚಿತ್ರಗಳ ಒಡೆಯರಿಗೆ ಅದೇ ಸೆಪ್ಟೆಂಬರಿನಲ್ಲಿ ಬೋನಸ್ ಹಂಚಿತು. ಏನೂ ಕೊಡದೆ ಚಿತ್ರಗಳನ್ನು ಬಾಚಿಕೊಂಡವರೊಡನೆ ಹೋಲಿಸಿದರೆ ಇವರ ನಡತೆ ಮೇಲು ಎಂಬುದನ್ನು ಒಪ್ಪತಕ್ಕದ್ದು. ಆದರೆ ಒಟ್ಟು ವರಮಾನದಲ್ಲಿ ಎಷ್ಟನೆಯ ಭಾಗವು ಹಂಚಿಕೆಗೆ ಬರಬೇಕೆಂಬುದನ್ನು ಇಲ್ಲಿಯೂ ಕಂಪೆನಿಯವರೇ ತೀರ್ಮಾನಿಸಿದರು. ತನ್ನ ಜೀವನೋಪಾಯವನ್ನೇ ಕಸಿದುಕೊಳ್ಳಬಹುದಾದ ಯಂತ್ರಕ್ಕೆ ತನ್ನ ಚಿತ್ರವನ್ನೇ ಪಾಠವಾಗಿ ಕೊಟ್ಟ ಮನುಷ್ಯನು ಪ್ರತಿಫಲದ ವಿಷಯದಲ್ಲಿ ಒಂದು ಮಾತನ್ನೂ ಆಡಲಾಗಲಿಲ್ಲ.

ಕಂಪೆನಿಯವರ ಪಕ್ಷವನ್ನೂ ಕೇಳಬೇಕಾದುದು ನ್ಯಾಯ. ಕೋಟ್ಯಂತರ ಚಿತ್ರಗಳನ್ನು ಪರೀಕ್ಷಿಸಿ, ಕಾಪಾಡಿ, ಹುಡುಕಿದವರಿಗೆ ಕ್ಷಣದಲ್ಲಿ ತೋರಿಸುವುದಕ್ಕೂ, ಗಿರಾಕಿಗಳನ್ನು ಸಂಪಾದಿಸುವುದಕ್ಕೂ ಅಪಾರ ಬಂಡವಾಳ ಬೇಕೆಂದು ಅವರು ಹೇಳುವರು. ಚಿತ್ರಗಳ ಪೂರೈಕೆ ಮಿತಿಮೀರಿದೆ, ಆದುದರಿಂದ ಬೆಲೆ ಇಳಿಯುವುದು ಸಹಜವೆನ್ನುವರು. ಒಪ್ಪದವರು ಹೋಗಲು ಸ್ವತಂತ್ರರು ಎಂಬುದು ಅವರ ಕೊನೆಯ ವಾದ. ಮೊದಲನೆಯ ಮಾತು ನಿಜ. ದಲ್ಲಾಳಿಗೆ ದಲ್ಲಾಳಿ ಸಲ್ಲಲೇಬೇಕು. ಎರಡನೆಯ ಮಾತೂ ಬಹಳಮಟ್ಟಿಗೆ ನಿಜ. ಆದರೆ ಪೂರೈಕೆ ಹೆಚ್ಚಾದರೆ ಕುಸಿಯುವುದು ಬೆಲೆ. ಆ ಬೆಲೆಯಲ್ಲಿ ಮಾಲೀಕನ ಪಾಲೂ ಕುಸಿಯಬೇಕೆಂಬುದಕ್ಕೆ ಅದು ಆಧಾರವಾಗಲಾರದು. ಮೂರನೆಯ ವಾದಕ್ಕೆ ಉತ್ತರವನ್ನು ಇಂದಿನ ಸ್ಥಿತಿಯೇ ಕೊಡುತ್ತದೆ. ಗೆಟ್ಟಿ ಮತ್ತು ಶಟರ್‌ಸ್ಟಾಕ್ ಕಂಪೆನಿಗಳೆರಡೂ ಒಂದಾಗುವ, ಸುಮಾರು ೩೭೦ ಕೋಟಿ ಡಾಲರು ಮೌಲ್ಯದ ಒಪ್ಪಂದವು ೨೦೨೫ರ ಜನವರಿಯಲ್ಲಿ ಪ್ರಕಟವಾಯಿತು. ಅಂಗಡಿಗಳೇ ಒಂದರಲ್ಲೊಂದು ಸೇರುತ್ತ ಹೋದರೆ, ಒಂದನ್ನು ಬಿಟ್ಟವನು ಹೋಗತಕ್ಕುದು ಎಲ್ಲಿಗೆ?

ಈ ವಿಷಯವು ನಮ್ಮ ನಾಡಿಗೆ ದೂರದ್ದೆಂದು ಯಾರೂ ತಿಳಿಯಬಾರದು. ಮೈಸೂರಿನ ದಸರೆಯ, ಜೋಗದ ಜಲಪಾತದ, ಕೊಡಗಿನ ಕಾಫಿ ತೋಟಗಳ ಚಿತ್ರಗಳು ಈ ಭಂಡಾರಗಳಲ್ಲಿ ಹೇರಳವಾಗಿವೆ. ಅವುಗಳನ್ನು ಸಲ್ಲಿಸಿದವರಲ್ಲಿ ನಮ್ಮವರೂ ಇದ್ದಾರೆ; ಕೊಳ್ಳುವವರಲ್ಲಿ ಬೆಂಗಳೂರಿನ ಜಾಹೀರಾತು ಸಂಸ್ಥೆಗಳೂ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಹತ್ತಿಯು ಲ್ಯಾಂಕಾಷೈರಿಗೆ ಹೋಗುತ್ತಿದ್ದಿತು, ಅಲ್ಲಿಯ ಗಿರಣಿಗಳ ಬಟ್ಟೆಯು ನಮ್ಮ ಪೇಟೆಗಳಿಗೆ ಬರುತ್ತಿದ್ದಿತು. ಅಂದು ಬೆಳೆದವನೂ ನಮ್ಮವನು, ಉಟ್ಟವನೂ ನಮ್ಮವನು. ನಡುವಣ ಲಾಭ ಮಾತ್ರ ಪರರದು. ಕನ್ನಡಿಗನು ತೆಗೆದ ಚಿತ್ರವನ್ನು ಕನ್ನಡಿಗನೇ ಕೊಳ್ಳುವಾಗಲೂ ಅದರ ಬೆಲೆ ನ್ಯೂಯಾರ್ಕಿಗೆ ಹೋಗಿ ಅದರ ಆರನೆಯೋ ಏಳನೆಯೋ ಒಂದು ಭಾಗ ಹಿಂದಿರುಗುವುದಾದರೆ, ಆ ಹಳೆಯ ಕಥೆಯ ನೆನಪಾಗದೆ ಇರದು.

ಹಾಗಾದರೆ ಮಾರ್ಗವೇನು? ಬೇರೆಯವರು ತೋರಿಸಿದ ಒಂದು ಮಾರ್ಗವು ನಮ್ಮ ಕಣ್ಣಮುಂದೆಯೇ ಇದೆ. ಅಗ್ಗದ ಚಿತ್ರಗಳ ವ್ಯಾಪಾರಕ್ಕೆ ನಾಂದಿ ಹಾಕಿದ ಅದೇ ಬ್ರೂಸ್ ಲಿವಿಂಗ್‌ಸ್ಟನ್ ಅವರು, ಐಸ್ಟಾಕಿನಿಂದ ಹೊರಬಂದ ಬಳಿಕ, ಬ್ರಿಯಾನಾ ವೆಟ್ಲಾಫರ್ ಮೊದಲಾದವರೊಡನೆ ಕೆನಡಾದ ವಿಕ್ಟೋರಿಯಾ ನಗರದಲ್ಲಿ ಸ್ಟಾಕ್ಸಿ ಯುನೈಟೆಡ್ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ೨೦೧೩ರಿಂದ ವ್ಯಾಪಾರಕ್ಕೆ ತೊಡಗಿದ ಈ ಸಂಸ್ಥೆಯಲ್ಲಿ ಛಾಯಾಚಿತ್ರಗಾರರೇ ಸದಸ್ಯರು. ಆಡಳಿತದಲ್ಲಿ ಅವರಿಗೆ ಮತವುಂಟು. ಸಾಮಾನ್ಯ ಪರವಾನಗಿಗೆ ನೂರಕ್ಕೆ ೫೦, ವಿಶೇಷ ಪರವಾನಗಿಗೆ ೭೫ ಪಾಲು ಅವರಿಗೆ ಸಲ್ಲುತ್ತದೆ. ಅಲ್ಲಿ ಆಯ್ದ ಕೆಲವರಿಗೆ ಮಾತ್ರ ಪ್ರವೇಶ, ಬೆಲೆಯೂ ಹೆಚ್ಚು. ಆದುದರಿಂದ ಅದೊಂದೇ ಸರ್ವರ ಕಷ್ಟಕ್ಕೂ ಔಷಧವಲ್ಲ. ಆದರೂ ಅರ್ಧ ಪಾಲು ಕೊಟ್ಟು ವ್ಯಾಪಾರ ನಡೆಸುವುದು ಅಸಾಧ್ಯವೆಂಬ ಮಾತಿಗೆ ಅದು ಸಾಕಾದ ಉತ್ತರ.

ಸಹಕಾರದ ಪಾಠವನ್ನು ಕನ್ನಡಿಗರು ಕೆನಡಾದಿಂದ ಕಲಿಯಬೇಕಾಗಿಲ್ಲ. ೧೯೦೪ರ ಕಾಯಿದೆ ಬಂದ ಮರುವರ್ಷವೇ, ೧೯೦೫ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಲ ಕೊಡುವ ಸಾಹುಕಾರನು ಬಡ್ಡಿಯನ್ನೂ ಲೆಕ್ಕವನ್ನೂ ತಾನೊಬ್ಬನೇ ಬರೆಯುತ್ತಿದ್ದ ಕಾಲದಲ್ಲಿ ಒಂದು ಹಳ್ಳಿಯ ರೈತರು ಆ ಲೆಕ್ಕದ ಪುಸ್ತಕವನ್ನು ತಮ್ಮ ಕೈಗೆ ತೆಗೆದುಕೊಂಡರು. ನಮ್ಮ ಜಿಲ್ಲೆ ಜಿಲ್ಲೆಗಳಲ್ಲಿ ಛಾಯಾಚಿತ್ರಗಾರರ ಸಂಘಗಳಿವೆ. ಅವು ವಾರ್ಷಿಕ ಸಭೆ, ಪ್ರದರ್ಶನಗಳಲ್ಲಿಯೇ ತೃಪ್ತವಾಗದೆ, ಕರ್ನಾಟಕದ ಜನಜೀವನವನ್ನೂ ಸ್ಥಳಗಳನ್ನೂ ಕುರಿತ ಒಂದು ಚಿತ್ರಭಂಡಾರವನ್ನು ಸಹಕಾರ ತತ್ತ್ವದ ಮೇಲೆ ನಡೆಸಲು ಏಕೆ ಯತ್ನಿಸಬಾರದು?

ಎರಡನೆಯ ಮಾರ್ಗವು ಕಾಯಿದೆಯದು. ೧೯೫೭ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಆದ ತಿದ್ದುಪಡಿಯು ಚಲಚ್ಚಿತ್ರಗಳ ಹಾಗೂ ಧ್ವನಿಮುದ್ರಣಗಳ ಗೀತರಚಕರಿಗೆ, ಸಂಗೀತ ಸಂಯೋಜಕರಿಗೆ ಒಂದು ದೊಡ್ಡ ರಕ್ಷಣೆಯನ್ನು ಕೊಟ್ಟಿತು. ಗೌರವಧನದಲ್ಲಿ ತಮಗೆ ಸಲ್ಲತಕ್ಕ ಸಮಪಾಲನ್ನು ಅವರು ಕರಾರಿನ ಮೂಲಕ ಬಿಟ್ಟುಕೊಟ್ಟರೂ ಅದು ಊರ್ಜಿತವಾಗದೆಂದು ಶಾಸನವೇ ಹೇಳಿತು. ದುರ್ಬಲನು ಬಲಿಷ್ಠನೊಡನೆ ಬರೆದುಕೊಡುವ ಕರಾರು ಸ್ವಇಚ್ಛೆಯದಲ್ಲವೆಂಬ ತತ್ತ್ವವನ್ನು ಪಾರ್ಲಿಮೆಂಟು ಅಂಗೀಕರಿಸಿದಂತಾಯಿತು. ಅದೇ ತಿದ್ದುಪಡಿಯು ಛಾಯಾಚಿತ್ರದ ಕೃತಿಸ್ವಾಮ್ಯದ ಅವಧಿಯನ್ನು ಇತರ ಕಲಾಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ ೬೦ ವರ್ಷಗಳಿಗೆ ಏರಿಸಿತು. ಆದರೆ ಬಿಟ್ಟುಕೊಡಲಾಗದ ಪಾಲಿನ ಹಕ್ಕನ್ನು ಛಾಯಾಚಿತ್ರಗಾರನಿಗೆ ಕೊಡಲಿಲ್ಲ. ದೀರ್ಘಾಯುಷ್ಯವನ್ನು ದಯಪಾಲಿಸಿ ಅನ್ನವನ್ನು ಮರೆತಂತಾಯಿತು. ಈ ಕೊರತೆಯನ್ನು ನಮ್ಮ ಪ್ರತಿನಿಧಿಗಳು ದಿಲ್ಲಿಯಲ್ಲಿ ಎತ್ತಿ ಹೇಳಬೇಕು.

ಕರ್ನಾಟಕ ಸರಕಾರದವರು ೨೦೨೫ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆಯೊಂದನ್ನು ಮಾಡಿದರು. ಕರಾರು ನ್ಯಾಯವಾಗಿಯೂ ತಿಳಿಯುವಂತೆಯೂ ಇರಬೇಕು, ಷರತ್ತುಗಳು ಬದಲಾಗುವುದಕ್ಕೆ ಮುಂಚೆ ತಿಳುವಳಿಕೆ ಕೊಡಬೇಕು ಎಂಬ ತತ್ತ್ವಗಳು ಅದರಲ್ಲಿ ಅಡಕವಾಗಿವೆ. ಅನ್ನ ಹೊತ್ತು ತರುವ ತರುಣನ ವಿಷಯದಲ್ಲಿ ನ್ಯಾಯವೆಂದು ಕಂಡದ್ದು ಚಿತ್ರ ತೆಗೆದುಕೊಡುವವನ ವಿಷಯದಲ್ಲಿಯೂ ನ್ಯಾಯವೇ. ನಮ್ಮ ಬೇಡಿಕೆಗಳು ಮಿತವಾದವು. ಪ್ರತಿ ಮಾರಾಟದಲ್ಲಿ ಗಿರಾಕಿಯು ಕೊಟ್ಟದ್ದೆಷ್ಟು, ಛಾಯಾಚಿತ್ರಗಾರನಿಗೆ ಸಂದದ್ದೆಷ್ಟು ಎಂಬ ಲೆಕ್ಕವು ಅವನಿಗೆ ಕಾಣಬೇಕು. ಪಾಲನ್ನು ಬದಲಾಯಿಸುವುದಾದರೆ ತಿಂಗಳುಗಳ ಮುಂಚಿತ ತಿಳುವಳಿಕೆ ಬೇಕು. ಒಮ್ಮೆ ಗಳಿಸಿದ ದರ್ಜೆಯನ್ನು ಪಂಚಾಂಗದ ನೆಪದಿಂದ ಕಸಿಯಬಾರದು. ಯಂತ್ರಗಳಿಗೆ ಪಾಠವಾಗಿ ಕೊಡುವುದಕ್ಕೆ ಪ್ರತ್ಯೇಕ ಒಪ್ಪಿಗೆಯನ್ನೂ ಪ್ರತ್ಯೇಕ ಪಾಲನ್ನೂ ಕೊಡಬೇಕು.

ಕೊನೆಯದಾಗಿ ಕೊಳ್ಳುವವರಿಗೆ ಒಂದು ಮಾತು. ನಮ್ಮ ವಾಚಕರಲ್ಲಿ ಇಲಾಖೆಗಳ ಅಧಿಕಾರಿಗಳೂ ಶಾಲಾಕಾಲೇಜುಗಳ ಮುಖ್ಯಸ್ಥರೂ ವ್ಯಾಪಾರಸ್ಥರೂ ಅನೇಕರಿದ್ದಾರೆ. ವರದಿಗೋ ಭಿತ್ತಿಪತ್ರಕ್ಕೋ ಕರ್ನಾಟಕದ ಒಂದು ಹಳ್ಳಿಯ, ಒಂದು ಗುಡಿಯ, ಒಂದು ಕೆರೆಯ ಚಿತ್ರ ಬೇಕಾದಾಗ, ಅದೇ ಜಿಲ್ಲೆಯ ಛಾಯಾಚಿತ್ರಗಾರನನ್ನು ಕರೆದು, ತಕ್ಕ ಸಂಭಾವನೆ ಕೊಟ್ಟು, ಅವನ ಹೆಸರನ್ನು ಚಿತ್ರದ ಕೆಳಗೆ ಅಚ್ಚುಮಾಡಿಸುವುದು ಅಸಾಧ್ಯವಾದ ಕಾರ್ಯವೇನಲ್ಲ. ಖಾದಿಯನ್ನು ಕೊಳ್ಳುವಾಗ ನೂಲಿದವಳ ಮುಖವನ್ನು ನೆನೆಯಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿತ್ರವನ್ನು ಕೊಳ್ಳುವಾಗ ತೆಗೆದವನನ್ನು ನೆನೆಯುವುದೂ ಅದೇ ಧರ್ಮದ ಅಂಗ. ದುಡಿದವನಿಗೆ ಎಷ್ಟು ಸಲ್ಲಬೇಕೆಂಬುದನ್ನು ನಿರ್ಣಯಿಸುವ ಸಭೆಯಲ್ಲಿ ದುಡಿದವನಿಗೂ ಒಂದು ಆಸನವಿರತಕ್ಕದ್ದು. ಅದಿಲ್ಲದ ವ್ಯಾಪಾರವು ಎಷ್ಟು ದೊಡ್ಡದಾಗಿ ಬೆಳೆದರೂ ಅದನ್ನು ನ್ಯಾಯವಾದ ವ್ಯಾಪಾರವೆಂದು ನಾವು ಕರೆಯಲಾರೆವು.